ನಾಣ್ಯದ ಏರಿಳಿತವೂ ನಂದಿಯ ಸೀಮೆಯ ರೇಷ್ಮೆಯೂ

ಒಂದು ದೇಶದ ನಾಣ್ಯವು ಪರದೇಶದ ನಾಣ್ಯಗಳೆದುರಿಗೆ ಏರುವುದೂ ಇಳಿಯುವುದೂ ಬಂದರುಪಟ್ಟಣಗಳ ವರ್ತಕರಿಗೆ ಮತ್ತು ರಾಜಧಾನಿಯ ಖಜಾನೆಯವರಿಗೆ ಮಾತ್ರ ಸಂಬಂಧಪಟ್ಟ ಸಂಗತಿಯೆಂದು ಭಾವಿಸುವುದು ವಾಡಿಕೆಯಾಗಿದೆ. ಆದರೆ ಸಮುದ್ರದಿಂದ ಬಹುದೂರದಲ್ಲಿ, ವರ್ಷವಿಡೀ ಹರಿಯುವ ಹೊಳೆಯೊಂದೂ ಇಲ್ಲದೆ, ಕೆರೆಕುಂಟೆಗಳನ್ನೂ ಕಪಿಲೆಯ ಬಾವಿಗಳನ್ನೂ ನಂಬಿ ಬಾಳಿದ ನಂದಿಯ ಸೀಮೆಯ ಚರಿತ್ರೆಯನ್ನು, ಎಂದರೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟವೆಂಬ ನಾಲ್ಕು ತಾಲ್ಲೂಕುಗಳ ಕಳೆದ ನೂರು ವರ್ಷಗಳ ಬಾಳನ್ನು, ಸಾವಧಾನವಾಗಿ ಪರಿಶೀಲಿಸಿದವರಿಗೆ ಈ ಭಾವನೆಯು ಎಷ್ಟು ತಪ್ಪೆಂಬುದು ಮನದಟ್ಟಾಗದೆ ಇರದು. ಟೋಕಿಯೋ ನಗರದಲ್ಲಿ ಕೈಗೊಂಡ ನಿರ್ಣಯವೊಂದು ಇಲ್ಲಿಯ ರೇಷ್ಮೆಗೂಡಿನ ಬೆಲೆಯನ್ನು ಕೆಡಹಿದುದೂ, ಲಂಡನ್ನಿನಲ್ಲಿ ಹೊರಟ ಪ್ರಕಟನೆಯೊಂದು ಹಳ್ಳಿಯ ಹೆಣ್ಣುಮಕ್ಕಳ ಕೊರಳಿನ ಚಿನ್ನವನ್ನು ಹಡಗೇರಿಸಿದುದೂ ಕಟ್ಟುಕಥೆಗಳಲ್ಲ; ನಮ್ಮ ಅಜ್ಜಂದಿರ ಕಾಲದಲ್ಲಿ ನಡೆದ ಸಂಗತಿಗಳು.

2007ರವರೆಗೆ ಈ ನಾಲ್ಕು ತಾಲ್ಲೂಕುಗಳೂ ಕೋಲಾರ ಜಿಲ್ಲೆಗೆ ಸೇರಿದ್ದವೆಂಬುದನ್ನು ಆರಂಭದಲ್ಲಿಯೇ ನೆನಪಿಗೆ ತಂದುಕೊಳ್ಳತಕ್ಕದ್ದು. ಏಕೆಂದರೆ ಒಂದೇ ಜಿಲ್ಲೆಯ ಒಂದು ತುದಿಯಲ್ಲಿ ಭೂಮಿಯ ಆಳದಿಂದ ಚಿನ್ನವು ಹೊರಬರುತ್ತಿದ್ದಿತು. ಇನ್ನೊಂದು ತುದಿಯಲ್ಲಿ ಹಿಪ್ಪುನೇರಳೆಯ ಎಲೆಯಿಂದ ರೇಷ್ಮೆಯು ಹುಟ್ಟುತ್ತಿದ್ದಿತು. ಪ್ರಪಂಚವನ್ನೆಲ್ಲ ಆವರಿಸಿದ ಆರ್ಥಿಕ ಮುಗ್ಗಟ್ಟು ಬಂದಾಗ ಒಂದು ಪದಾರ್ಥವು ಮೇಲೇರಿ ಇನ್ನೊಂದು ನೆಲಕಚ್ಚಿತು. ಮುಗ್ಗಟ್ಟಿನ ಕಾಲದಲ್ಲಿ ನಾಣ್ಯಗಳ ಮೌಲ್ಯವು ಏಕೆ ಏರುತ್ತದೆ, ಏಕೆ ಇಳಿಯುತ್ತದೆ ಎಂಬ ಪ್ರಶ್ನೆಗೆ ಉತ್ತರವನ್ನು ಅರಸಲು ಇದಕ್ಕಿಂತ ಒಳ್ಳೆಯ ಕ್ಷೇತ್ರವು ನಮ್ಮ ನಾಡಿನಲ್ಲಿ ಇನ್ನೊಂದಿಲ್ಲ.

ಹಣಕ್ಕೆ ಎರಡು ಬಗೆಯ ಬೆಲೆಯುಂಟು. ಒಂದು ರೂಪಾಯಿಗೆ ಎಷ್ಟು ಸೇರು ರಾಗಿ ಬರುತ್ತದೆ ಎಂಬುದು ಅದರ ಒಳಬೆಲೆ. ಅದೇ ರೂಪಾಯಿಗೆ ಎಷ್ಟು ಪೆನ್ನಿ, ಎಷ್ಟು ಯೆನ್, ಎಷ್ಟು ಗುಂಜಿ ಚಿನ್ನ ದೊರೆಯುತ್ತದೆ ಎಂಬುದು ಹೊರಬೆಲೆ. ಸುಭಿಕ್ಷಕಾಲದಲ್ಲಿ ಈ ಎರಡೂ ಹೆಚ್ಚುಕಡಿಮೆ ಒಂದೇ ಹೆಜ್ಜೆಯಲ್ಲಿ ನಡೆಯುವುದರಿಂದ ಯಾರೂ ಅವುಗಳನ್ನು ಬೇರೆಮಾಡಿ ನೋಡುವುದಿಲ್ಲ. ಮುಗ್ಗಟ್ಟು ಬಂದಾಗಲಾದರೋ ಒಂದು ಏರುತ್ತಿರುವಾಗ ಇನ್ನೊಂದು ಇಳಿಯಬಹುದು. ಹೊರಬೆಲೆಯು ಒಂದು ದೇಶದೆದುರಿಗೆ ಇಳಿದು ಇನ್ನೊಂದು ದೇಶದೆದುರಿಗೆ ಏರಬಹುದು. ರೂಪಾಯಿ ಏರಿತೆಂದಾಗಲಿ ಇಳಿಯಿತೆಂದಾಗಲಿ ಕೇಳಿದೊಡನೆ ಅದು ಯಾವುದರೆದುರಿಗೆ ಎಂದು ವಿಚಾರಿಸುವುದು ಆದುದರಿಂದಲೇ ವಿವೇಕದ ಮೊದಲ ಹೆಜ್ಜೆಯಾಗುತ್ತದೆ.

ಈ ಸೀಮೆಯವರಿಗೆ ನಾಣ್ಯದ ಚಂಚಲತೆಯು ಹೊಸದೇನೂ ಆಗಿರಲಿಲ್ಲ. ಮೈಸೂರು ಸೀಮೆಯಲ್ಲಿ ಚಿನ್ನದ ವರಹವೂ ಕಂಠೀರಾಯಿ ಹಣವೂ ಬೆಳ್ಳಿಯ ರೂಪಾಯಿಯೂ ತಾಮ್ರದ ಕಾಸೂ ಒಟ್ಟಿಗೆ ಚಲಾವಣೆಯಲ್ಲಿದ್ದ ಕಾಲದಲ್ಲಿ, ಸಂತೆಯಿಂದ ಸಂತೆಗೆ ಬೇರೆಯಾಗುತ್ತಿದ್ದ ವಿನಿಮಯದ ಬಟ್ಟವನ್ನು ಲೆಕ್ಕಹಾಕಿ ಒಂದನ್ನು ಇನ್ನೊಂದಕ್ಕೆ ಬದಲಾಯಿಸಿಕೊಡುವುದೇ ಸರಾಫರ ಕಸುಬಾಗಿದ್ದಿತು. 1843ರಲ್ಲಿ ಬೆಂಗಳೂರಿನ ಟಂಕಸಾಲೆಯು ಮುಚ್ಚಿದ ಮೇಲೆ ಮೈಸೂರು ಸಂಸ್ಥಾನಕ್ಕೆ ಸ್ವಂತ ನಾಣ್ಯವಿಲ್ಲದೆ ಹೋಗಿ, ಈಸ್ಟ್ ಇಂಡಿಯಾ ಕಂಪನಿಯ ಬೆಳ್ಳಿ ರೂಪಾಯಿಯೇ ಎಲ್ಲ ವ್ಯವಹಾರಗಳಿಗೂ ಅಳತೆಗೋಲಾಯಿತು. ಮುಂದೆ 1870ರ ದಶಕದಲ್ಲಿ ಜರ್ಮನಿ ಮುಂತಾದ ದೇಶಗಳು ಬೆಳ್ಳಿಯನ್ನು ಬಿಟ್ಟು ಚಿನ್ನವನ್ನು ಅವಲಂಬಿಸಲು, ಪೇಟೆಗೆ ಬಂದುಬಿದ್ದ ಬೆಳ್ಳಿಯ ಬೆಲೆ ಕುಸಿದು, ಅದರೊಡನೆ ಬೆಳ್ಳಿಯ ರೂಪಾಯಿಯೂ ಕುಸಿಯಿತು. ಮೊದಲು ಸುಮಾರು ಎರಡು ಷಿಲಿಂಗಿಗೆ ಸಮನಾಗಿದ್ದ ರೂಪಾಯಿಯು 1893ರ ವೇಳೆಗೆ ಒಂದು ಷಿಲಿಂಗು ಮೂರು ಪೆನ್ಸಿನ ಆಸುಪಾಸಿಗೆ ಇಳಿದಿದ್ದಿತು. ರೂಪಾಯಿಯಲ್ಲಿ ಕೂಲಿ ಕೊಟ್ಟು ಸರಕನ್ನು ಪೌಂಡಿಗೆ ಮಾರುತ್ತಿದ್ದ ಕಾಫಿ ತೋಟದವರಿಗೆ ಇದು ಅನುಕೂಲವಾಗಿ ಪರಿಣಮಿಸಿತು. ಇಂಗ್ಲೆಂಡಿಗೆ ಪ್ರತಿವರ್ಷವೂ ಪೌಂಡುಗಳಲ್ಲಿ ಹಣವನ್ನು ಸಲ್ಲಿಸಬೇಕಾಗಿದ್ದ ಭಾರತ ಸರ್ಕಾರಕ್ಕೆ ಮಾತ್ರ ಅಸಾಧ್ಯವಾದ ಹೊರೆಯಾಯಿತು. ಸರ್ಕಾರವು 1893ರಲ್ಲಿ ಸಾರ್ವಜನಿಕರ ಬೆಳ್ಳಿಗೆ ಟಂಕಸಾಲೆಗಳ ಬಾಗಿಲನ್ನು ಮುಚ್ಚಿ, ರೂಪಾಯಿಯನ್ನು ಬಲವಂತದಿಂದ ಮೇಲಕ್ಕೆತ್ತಿ, ಒಂದು ಷಿಲಿಂಗು ನಾಲ್ಕು ಪೆನ್ಸಿನಲ್ಲಿ ನಿಲ್ಲಿಸಿತು. ನಾಣ್ಯದ ಬೆಲೆಯನ್ನು ನಿಶ್ಚಯಿಸುವ ಕೈಯು ತನ್ನ ಹೊರೆಯನ್ನೇ ಮೊದಲು ನೋಡಿಕೊಳ್ಳುತ್ತದೆ ಎಂಬ ಪಾಠವು ಅಂದೇ ದೊರೆತಂತಾಯಿತು.

ರೇಷ್ಮೆಯು ಮೈಸೂರು ನಾಡಿನಲ್ಲಿ ಬೇರೂರಿದುದು ಟಿಪ್ಪು ಸುಲ್ತಾನನ ಪ್ರಯತ್ನದಿಂದ, ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ. ನಡುವೆ ಹುಳುವಿನ ರೋಗಗಳಿಂದ ಬಹಳವಾಗಿ ಸೊರಗಿದ ಈ ಕಸುಬಿಗೆ ಹೊಸ ಚೈತನ್ಯವನ್ನು ಕೊಡಬೇಕೆಂದು ಜಮಷೇಟ್‌ಜಿ ಟಾಟಾರವರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬೆಂಗಳೂರಿನಲ್ಲಿ ರೇಷ್ಮೆಯ ತೋಟವೊಂದನ್ನು ಸ್ಥಾಪಿಸಿ, ಜಪಾನಿನಿಂದ ತಜ್ಞರನ್ನು ಕರೆಸಿದರು. ಅಂದು ಜಪಾನು ನಮಗೆ ಗುರುವಾಗಿ ಬಂದಿತು. ಮೂವತ್ತು ವರ್ಷಗಳ ತರುವಾಯ ಪ್ರತಿಸ್ಪರ್ಧಿಯಾಗಿ ಬರಲಿದ್ದಿತು. ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರಾಗಿದ್ದ ಕಾಲದಲ್ಲಿ ಈ ಕೈಗಾರಿಕೆಗೆ ಸರ್ಕಾರದ ಆಶ್ರಯವು ದೊರೆಯಿತು. ಆ ದಿನಗಳಲ್ಲಿಯೇ ಬೌರಿಂಗ್‌ಪೇಟೆಯಿಂದ ಕೋಲಾರ, ಚಿಂತಾಮಣಿ, ಶಿಡ್ಲಘಟ್ಟಗಳ ಮಾರ್ಗವಾಗಿ ಚಿಕ್ಕಬಳ್ಳಾಪುರಕ್ಕೂ, ಅಲ್ಲಿಂದ ಬೆಂಗಳೂರಿಗೂ ಚಿಕ್ಕ ರೈಲು ಓಡಲಾರಂಭಿಸಿತು. ಗೌರಿಬಿದನೂರು ಅದಕ್ಕೆ ಮುಂಚೆಯೇ ಬೆಂಗಳೂರು ಗುಂತಕಲ್ಲು ರೈಲುಮಾರ್ಗದ ಮೇಲಿದ್ದಿತು. ಹೀಗೆ ಈ ಸೀಮೆಯ ನೂಲೂ ಕಡಲೆಕಾಯಿಯೂ ಬೆಲ್ಲವೂ ಪ್ರಪಂಚದ ಪೇಟೆಗೆ ಹೋಗಲು ದಾರಿಯಾಯಿತು. ಸರಕು ಹೊರಗೆ ಹೋಗುವ ದಾರಿಯು ಕಷ್ಟವು ಒಳಗೆ ಬರುವ ದಾರಿಯೂ ಹೌದೆಂಬುದು ತಿಳಿದುದು ಆಮೇಲೆ.

ರೇಷ್ಮೆಯ ಬೆಲೆಯು ಕೆಟ್ಟಾಗ ಅದರ ಪೆಟ್ಟು ಎಲ್ಲಿ ಬೀಳುತ್ತದೆ ಎಂಬುದನ್ನು ತಿಳಿಯಬೇಕಾದರೆ ಹುಳು ಸಾಕುವ ಮನೆಯೊಳಗೆ ಒಮ್ಮೆ ಹೊಕ್ಕು ನೋಡುವುದು ಅವಶ್ಯ. ಮೊಟ್ಟೆಯೊಡೆದು ಬಂದ ಹುಳುವು ಚಾಕಿಯೆಂಬ ಎಳೆಯ ಹಂತವೂ ಸೇರಿದಂತೆ ಒಟ್ಟು ನಾಲ್ಕು ಬಾರಿ ಮೇವು ಬಿಟ್ಟು ಮಲಗಿ ಪೊರೆ ಕಳಚುತ್ತದೆ. ಇದನ್ನು ನಮ್ಮ ರೈತರು ಜ್ವರವೆಂದು ಕರೆಯುತ್ತಾರೆ. ನಾಲ್ಕನೆಯ ಜ್ವರವೆದ್ದ ಹುಳುವಿಗೆ ಹಗಲೆನ್ನದೆ ಇರುಳೆನ್ನದೆ ಸೊಪ್ಪು ಹಾಕಬೇಕು. ಮನೆಯ ಹೆಂಗಸರೂ ಮಕ್ಕಳೂ ಆ ದಿನಗಳಲ್ಲಿ ನಿದ್ದೆಯನ್ನೇ ಮರೆಯುತ್ತಾರೆ. ಹಣ್ಣಾದ ಹುಳುಗಳನ್ನು ಆಯ್ದು ಬಿದಿರಿನ ಚಂದ್ರಿಕೆಗೆ ಬಿಟ್ಟರೆ ಅವು ಗೂಡು ಕಟ್ಟುತ್ತವೆ. ಗೂಡು ಕಟ್ಟಿಯಾದ ಮೇಲೆ ಹತ್ತು ಹನ್ನೆರಡು ದಿನಗಳಲ್ಲಿ ಒಳಗಿನ ಚಿಟ್ಟೆಯು ಗೂಡನ್ನು ಸೀಳಿಕೊಂಡು ಹೊರಬರುವುದು. ಸೀಳಿದ ಗೂಡಿನಿಂದ ಎಳೆ ಬಿಚ್ಚಲಾಗುವುದಿಲ್ಲ. ರಾಗಿಯನ್ನಾದರೆ ಹಗೇವಿನಲ್ಲಿಟ್ಟು ಒಳ್ಳೆಯ ಬೆಲೆ ಬರುವವರೆಗೆ ವರ್ಷಗಟ್ಟಲೆ ಕಾಯಬಹುದು. ಗೂಡಿನ ಒಡೆಯನಿಗೆ ಅಂತಹ ಭಾಗ್ಯವಿಲ್ಲ. ಆ ದಿನ ಪೇಟೆಯಲ್ಲಿ ಏನು ಬೆಲೆಯಿದೆಯೋ ಅದಕ್ಕೆ ಅವನು ತಲೆಬಾಗಲೇಬೇಕು. ಬೇಡಿಕೆಯು ಬಿದ್ದರೂ ಆಮದು ಹೆಚ್ಚಿದರೂ ನಾಣ್ಯಗಳ ಬೆಲೆ ಹೊರಳಿದರೂ ಎಲ್ಲದರ ಭಾರವೂ ಕೊನೆಗೆ ಜಾರಿಕೊಂಡು ಬಂದು ನಿಲ್ಲುವುದು ಕಾಯಲಾರದವನ ಹೆಗಲಿನ ಮೇಲೆ.

ಈಗ ರೂಪಾಯಿಯ ಕಥೆಗೆ ಬರೋಣ. ಮೊದಲನೆಯ ಮಹಾಯುದ್ಧದಲ್ಲಿ ಬೆಳ್ಳಿಯ ಬೆಲೆಯು ಹೆಚ್ಚಿ ರೂಪಾಯಿಯು ಮೇಲಕ್ಕೆ ಹಾರಿತು. 1920ರಲ್ಲಿ ಅದನ್ನು ಎರಡು ಷಿಲಿಂಗಿನಲ್ಲಿ ನಿಲ್ಲಿಸಲು ಸರ್ಕಾರವು ಮಾಡಿದ ಪ್ರಯತ್ನವು ವಿಫಲವಾಯಿತು. ಆಮೇಲೆ ಹಿಲ್ಟನ್ ಯಂಗ್ ಆಯೋಗದ ಸಲಹೆಯಂತೆ 1927ರಲ್ಲಿ ರೂಪಾಯಿಯನ್ನು ಒಂದು ಷಿಲಿಂಗು ಆರು ಪೆನ್ಸಿಗೆ, ಎಂದರೆ ಹದಿನೆಂಟು ಪೆನ್ಸಿಗೆ, ಕಟ್ಟಿಹಾಕಲಾಯಿತು. ಇದು ಭಾರತದ ಕೃಷಿಕನಿಗೂ ಕೈಗಾರಿಕೆಗೂ ಭಾರವಾದ ದರವೆಂದೂ, ಹದಿನಾರು ಪೆನ್ಸೇ ನ್ಯಾಯವಾದುದೆಂದೂ ಆಯೋಗದ ಸದಸ್ಯರಾಗಿದ್ದ ಸರ್ ಪುರುಷೋತ್ತಮದಾಸ್ ಠಾಕೂರದಾಸರು ಭಿನ್ನಮತವನ್ನು ದಾಖಲಿಸಿದರು. ಎರಡು ಪೆನ್ಸಿನ ಅಂತರವು ಕೇಳುವುದಕ್ಕೆ ಅಲ್ಪವೆಂದು ತೋರಬಹುದು. ಆದರೆ ರೂಪಾಯಿಯನ್ನು ಹದಿನಾರರ ಬದಲು ಹದಿನೆಂಟರಲ್ಲಿ ನಿಲ್ಲಿಸುವುದೆಂದರೆ, ಹೊರದೇಶದಿಂದ ಬರುವ ಪ್ರತಿಯೊಂದು ಸರಕನ್ನೂ ಸುಮಾರು ಶೇಕಡಾ ಹನ್ನೊಂದರಷ್ಟು ಅಗ್ಗವಾಗಿಸಿ, ಹೊರಕ್ಕೆ ಹೋಗುವ ಸರಕಿಗೆ ಬರತಕ್ಕ ರೂಪಾಯಿಯನ್ನು ಅಷ್ಟೇ ಕಡಿಮೆ ಮಾಡುವುದೆಂದು ಅರ್ಥ. ಆಮದಾಗುವ ರೇಷ್ಮೆಯೊಡನೆ ಸ್ಪರ್ಧಿಸುತ್ತ, ರಫ್ತಾಗುವ ಕಡಲೆಕಾಯಿಯನ್ನು ಬೆಳೆಯುತ್ತಿದ್ದ ಸೀಮೆಗೆ ಇದು ಎರಡು ಕಡೆಯಿಂದಲೂ ನಷ್ಟವೇ ಆಗಿದ್ದಿತು.

ಇಷ್ಟಾದ ಮೇಲೆ ಎರಡೇ ವರ್ಷಗಳಲ್ಲಿ, 1929ರ ಅಕ್ಟೋಬರಿನಲ್ಲಿ, ನ್ಯೂಯಾರ್ಕಿನ ಷೇರುಪೇಟೆಯು ಕುಸಿದು ಮಹಾಮುಗ್ಗಟ್ಟು ಆರಂಭವಾಯಿತು. ಅಮೆರಿಕದ ಹೆಂಗಸರು ರೇಷ್ಮೆಯ ಕಾಲುಚೀಲಗಳನ್ನು ಕೊಳ್ಳುವುದು ಕಡಿಮೆಯಾದಂತೆ ಕಚ್ಚಾ ರೇಷ್ಮೆಯ ಬೆಲೆಯು ಮೂರು ವರ್ಷಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲಿಗೆ ಇಳಿಯಿತು. ನಮ್ಮ ದೇಶದಲ್ಲಿ ಕಲ್ಕತ್ತೆಯ ಸಗಟು ಬೆಲೆಗಳ ಸೂಚ್ಯಂಕವು, 1914ರ ಬೆಲೆಗಳನ್ನು ನೂರೆಂದು ಎಣಿಸಿದರೆ, 1929ರಲ್ಲಿ 141 ಇದ್ದದ್ದು 1933ರಲ್ಲಿ 87ಕ್ಕೆ ಬಂದಿತು. ಈ ಅಂಕಿಗಳನ್ನು ಹಳ್ಳಿಯ ಲೆಕ್ಕಕ್ಕೆ ಇಳಿಸಿ ನೋಡಿದರೆ ಅವುಗಳ ಕ್ರೌರ್ಯವು ಕಾಣಬರುತ್ತದೆ. ಕಂದಾಯಕ್ಕೂ ಸಾಹುಕಾರನ ಬಡ್ಡಿಗೂ 1929ರಲ್ಲಿ ನೂರು ಸೇರು ಧಾನ್ಯವನ್ನು ಮಾರುತ್ತಿದ್ದ ರೈತನು, ತನ್ನ ಬೆಳೆಯ ಬೆಲೆಯೂ ಈ ಪ್ರಮಾಣದಲ್ಲಿ ಇಳಿದಿದ್ದ ಪಕ್ಷದಲ್ಲಿ, 1933ರಲ್ಲಿ ಅದೇ ಹಣಕ್ಕಾಗಿ ನೂರ ಅರವತ್ತಕ್ಕೂ ಹೆಚ್ಚು ಸೇರು ಮಾರಬೇಕಾಗಿದ್ದಿತು. ಸಾಲದ ಪತ್ರದಲ್ಲಿ ಬರೆದ ಮೊತ್ತವು ಒಂದು ಕಾಸೂ ಹೆಚ್ಚಿರಲಿಲ್ಲ. ಕಂದಾಯದ ದರವೂ ಹೆಚ್ಚಿರಲಿಲ್ಲ. ಹೆಚ್ಚಿದುದು ರೂಪಾಯಿಯ ಒಳಬೆಲೆ. ಹಣವು ತುಟ್ಟಿಯಾಯಿತೆಂದರೆ ಸಾಲವು ತುಟ್ಟಿಯಾಯಿತೆಂದೇ ಅರ್ಥ. ಮೈಸೂರು ಸರ್ಕಾರವು 1928ರಲ್ಲಿಯೇ ವ್ಯವಸಾಯಗಾರರ ಪರಿಹಾರ ಶಾಸನವೊಂದನ್ನು ಮಾಡಿದ್ದಿತಾದರೂ, ಬೆಲೆಗಳೇ ಪಾತಾಳಕ್ಕಿಳಿದಾಗ ಕಾನೂನಿನ ಒಂದು ಪುಸ್ತಕವು ರೈತನನ್ನು ಎಷ್ಟು ದೂರ ಕಾಯಬಲ್ಲುದು?

ಇನ್ನು ಹೊರಬೆಲೆಯ ಸಂಗತಿ. ಮುಗ್ಗಟ್ಟಿನ ಕಾಲದಲ್ಲಿ ದೇಶವೊಂದರ ನಾಣ್ಯವು ಇಳಿಯುವುದಕ್ಕೆ ಕಾರಣಗಳು ಹಲವು. ಅದರ ಸರಕನ್ನು ಕೊಳ್ಳುವವರು ಕಡಿಮೆಯಾದರೆ ಅದರ ನಾಣ್ಯವನ್ನು ಬೇಡುವವರೂ ಕಡಿಮೆಯಾಗುತ್ತಾರೆ. ಬಂಡವಾಳ ಹೂಡಿದವರು ಭಯಪಟ್ಟು ತಮ್ಮ ಹಣವನ್ನು ಹಿಂದಕ್ಕೆ ತೆಗೆದುಕೊಂಡು ಹೋಗುತ್ತಾರೆ. ನಿರುದ್ಯೋಗವನ್ನು ತಗ್ಗಿಸಬೇಕೆಂದು ಸರ್ಕಾರವು ಬಡ್ಡಿಯನ್ನು ಇಳಿಸಿ ಹಣವನ್ನು ಧಾರಾಳವಾಗಿ ಬಿಟ್ಟರೆ ಆ ನಾಣ್ಯವನ್ನು ಕೈಯಲ್ಲಿಟ್ಟುಕೊಳ್ಳುವುದರಿಂದ ಲಾಭವಿಲ್ಲದೆ ಹೋಗುತ್ತದೆ. ಕೆಲವು ವೇಳೆ ತನ್ನ ಸರಕು ಹೊರದೇಶದಲ್ಲಿ ಅಗ್ಗವಾಗಲೆಂದು ಸರ್ಕಾರವು ಬುದ್ಧಿಪೂರ್ವಕವಾಗಿಯೇ ನಾಣ್ಯವನ್ನು ಇಳಿಸುವುದೂ ಉಂಟು. ಚೀನ ಮತ್ತು ಜಪಾನುಗಳ ಉದಾಹರಣೆಯಲ್ಲಿ ಇವುಗಳ ಪರಿಣಾಮವನ್ನು ಶಿಡ್ಲಘಟ್ಟವು ಕಣ್ಣಾರೆ ಕಂಡಿತು.

ಚೀನ ದೇಶವು ಆಗ ಬೆಳ್ಳಿಯ ನಾಣ್ಯವನ್ನೇ ಬಳಸುತ್ತಿದ್ದಿತು. 1929ರಿಂದ 1931ರವರೆಗೆ ಬೆಳ್ಳಿಯ ಬೆಲೆ ಕುಸಿಯಲು ಚೀನದ ನಾಣ್ಯವೂ ಕುಸಿದು, ಅಲ್ಲಿಯ ರೇಷ್ಮೆಯು ನಮ್ಮ ಬಂದರುಗಳಿಗೆ ಹಿಂದೆಂದೂ ಇಲ್ಲದ ಅಗ್ಗದ ಬೆಲೆಗೆ ಬಂದಿಳಿಯಿತು. ಜಪಾನು 1930ರ ಜನವರಿಯಲ್ಲಿ ಯೆನ್ನನ್ನು ಮತ್ತೆ ಚಿನ್ನಕ್ಕೆ ಕಟ್ಟಿ, ತನ್ನ ರೇಷ್ಮೆ ಬೆಳೆಯುವ ಹಳ್ಳಿಗಳನ್ನು ಘೋರವಾದ ಕಷ್ಟಕ್ಕೆ ನೂಕಿದ್ದಿತು. 1931ರ ಡಿಸೆಂಬರಿನಲ್ಲಿ ತಕಹಾಶಿ ಕೊರೆಕಿಯೋ ಎಂಬ ಅರ್ಥಸಚಿವನು ಅಧಿಕಾರಕ್ಕೆ ಬಂದೊಡನೆ ಆ ಕಟ್ಟನ್ನು ಬಿಚ್ಚಿಹಾಕಿದನು. ಒಂದು ವರ್ಷದೊಳಗಾಗಿ ಯೆನ್ನಿನ ಹೊರಬೆಲೆಯು ಚಿನ್ನದೆದುರಿಗೆ ಅರ್ಧಕ್ಕಿಂತಲೂ ಕೆಳಗೆ ಬಿದ್ದಿತು. ಹಿಂದಿನ ದರದಲ್ಲಿ ನೂರು ಯೆನ್ನಿಗೆ ಸುಮಾರು 137 ರೂಪಾಯಿಗಳಾಗುತ್ತಿದ್ದರೆ, 1933ರಲ್ಲಿ ಎಂಬತ್ತು ರೂಪಾಯಿಗಳ ಆಸುಪಾಸು ಸಾಕಾಗುತ್ತಿದ್ದವು. ಜಪಾನಿನ ವರ್ತಕನು ಯೆನ್ನಿನ ಲೆಕ್ಕದಲ್ಲಿ ತನ್ನ ಬೆಲೆಯನ್ನು ಎಳ್ಳಷ್ಟೂ ತಗ್ಗಿಸದಿದ್ದರೂ, ಅವನ ನೂಲು ಬೆಂಗಳೂರಿನ ನೇಕಾರನಿಗೆ ನೂರಕ್ಕೆ ನಲವತ್ತರಷ್ಟು ಅಗ್ಗವಾಗಿ ದೊರೆಯುವಂತಾಯಿತು. ಮುಗ್ಗಟ್ಟಿನ ದೆಸೆಯಿಂದ ಅವನು ಬೆಲೆಯನ್ನೂ ತಗ್ಗಿಸಿದ್ದನಾದುದರಿಂದ ಒಟ್ಟು ಇಳಿತವು ಇನ್ನೂ ಅಧಿಕವಾಗಿದ್ದಿತು. ನೇಕಾರನು ಅಗ್ಗದ ನೂಲನ್ನು ಕೊಂಡುದರಲ್ಲಿ ತಪ್ಪೇನೂ ಇಲ್ಲ; ಅವನೂ ಬದುಕಬೇಕು. ನೇಕಾರನು ಕೊಳ್ಳದೆ ಬಿಟ್ಟ ನಾಡಿನ ನೂಲು, ಗೂಡಿನಿಂದ ಎಳೆ ಬಿಚ್ಚುವ ಚರಕದವನಲ್ಲಿ ಉಳಿಯಿತು. ಚರಕದವನು ಗೂಡಿನ ಬೆಲೆಯನ್ನು ಇಳಿಸಿದನು. ಗೂಡಿನ ರೈತನಿಗೆ ಮಾತ್ರ ತನ್ನ ಹೊರೆಯನ್ನು ದಾಟಿಸಲು ಮುಂದೆ ಯಾರೂ ಇರಲಿಲ್ಲ. ಹಿಪ್ಪುನೇರಳೆಯ ತೋಟಗಳು ಮೈಸೂರು ಸಂಸ್ಥಾನದಲ್ಲೆಲ್ಲ ಕುಗ್ಗುತ್ತ ಬಂದವು.

ಇಲ್ಲಿ ಒಂದು ಸಂಗತಿಯನ್ನು ವ್ಯಥೆಯಿಂದಲೇ ಹೇಳಬೇಕಾಗಿದೆ. ಭಾರತದ ರೇಷ್ಮೆಯ ಬಹುಭಾಗವು ಹುಟ್ಟುತ್ತಿದ್ದುದು ಮೈಸೂರು ಸಂಸ್ಥಾನದಲ್ಲಿ. ಆದರೆ ರೂಪಾಯಿಯ ದರವನ್ನು ನಿಶ್ಚಯಿಸುವ ಅಧಿಕಾರವಾಗಲಿ, ಬಂದರಿನಲ್ಲಿ ಸುಂಕವನ್ನು ವಿಧಿಸುವ ಅಧಿಕಾರವಾಗಲಿ ಮೈಸೂರಿನ ಕೈಯಲ್ಲಿರಲಿಲ್ಲ. ತನ್ನ ಹಳ್ಳಿಗಳ ಕಷ್ಟವನ್ನು ನೋಡಿ ಜಪಾನು ತನ್ನ ನಾಣ್ಯವನ್ನು ಇಳಿಸಿತು. ಮೈಸೂರಿಗೆ ಇಳಿಸಲು ನಾಣ್ಯವೇ ಇರಲಿಲ್ಲ. ಇಂಗ್ಲೆಂಡಿಗೆ ಸಲ್ಲಿಸಬೇಕಾದ ಹಣವು ರೂಪಾಯಿಯ ಲೆಕ್ಕದಲ್ಲಿ ಹೆಚ್ಚಾಗಬಾರದೆಂದೂ, ಭಾರತ ಸರ್ಕಾರದ ಸಾಲಪತ್ರಗಳ ಮೇಲಿನ ನಂಬಿಕೆಯು ಕೆಡಬಾರದೆಂದೂ ಹದಿನೆಂಟು ಪೆನ್ಸಿನ ದರವನ್ನು ಕಾಯಲು ಚಲಾವಣೆಯ ಹಣವನ್ನು ಸಂಕೋಚಗೊಳಿಸಿದ ಸರ್ಕಾರವು, ಆ ರಕ್ಷಣೆಯ ವೆಚ್ಚವನ್ನು ಯಾರು ತೆರುತ್ತಿದ್ದಾರೆಂಬುದನ್ನು ಕೇಳಲಿಲ್ಲ. ಮುಗ್ಗಟ್ಟಿನ ದಿನಗಳಲ್ಲಿ ನಾಣ್ಯದ ಬೆಲೆಯನ್ನು ನಿಶ್ಚಯಿಸುವುದೆಂದರೆ ಬಂದೊದಗಿದ ನಷ್ಟವನ್ನು ಜನರ ನಡುವೆ ಹಂಚುವುದೇ ಹೊರತು ಬೇರೆ ಅಲ್ಲ.

ರೇಷ್ಮೆಯವರ ಮೊರೆಯು ಕೊನೆಗೆ ಮೇಲಕ್ಕೆ ಮುಟ್ಟಿ, ಟ್ಯಾರಿಫ್ ಬೋರ್ಡು 1933ರಲ್ಲಿ ರೇಷ್ಮೆಯ ಕೈಗಾರಿಕೆಯ ವಿಚಾರಣೆಯನ್ನು ನಡೆಸಿತು. 1934ರಲ್ಲಿ ರಕ್ಷಣಾಸುಂಕವು ಜಾರಿಗೆ ಬಂದಿತು. ಸುಂಕಗಳಲ್ಲಿ ಎರಡು ಬಗೆ. ಸರಕಿನ ಬೆಲೆಯ ಮೇಲೆ ಶೇಕಡಾ ಇಷ್ಟೆಂದು ವಿಧಿಸುವುದು ಒಂದು. ಪೌಂಡು ತೂಕಕ್ಕೆ ಇಷ್ಟು ಆಣೆಯೆಂದು ನಿಷ್ಕರ್ಷಿಸುವುದು ಇನ್ನೊಂದು. ಹೊರದೇಶದ ನಾಣ್ಯವು ಇಳಿಯುತ್ತಿರುವಾಗ ಮೊದಲ ಬಗೆಯ ಸುಂಕವು ಸರಕಿನ ಬೆಲೆಯೊಡನೆ ತಾನೂ ಇಳಿದು ರಕ್ಷಣೆ ಅತ್ಯಗತ್ಯವಾದ ಹೊತ್ತಿನಲ್ಲಿಯೇ ದುರ್ಬಲವಾಗುತ್ತದೆ. ಎರಡನೆಯದು ಅಲುಗಾಡದೆ ನಿಲ್ಲುತ್ತದೆ. ಇದನ್ನರಿತೇ ಎರಡನ್ನೂ ಕೂಡಿಸಿ ವಿಧಿಸಲಾಯಿತು. ಆದರೆ ವಿಚಾರಣೆ, ವರದಿ, ಶಾಸನಗಳೆಂದು ಕಾಲವು ಕಳೆಯುವುದರೊಳಗಾಗಿ, ಮುಂದಿನ ಗೂಡಿನ ಬೆಲೆಯನ್ನು ನಂಬಿ ಸಾಲಮಾಡಿದ್ದ ಸಂಸಾರಗಳು ಅದೆಷ್ಟೋ ಬೆಳೆಗಳಲ್ಲಿ ನಷ್ಟಹೊಂದಿದ್ದವು.

ಅದೇ ಕಾಲದಲ್ಲಿ ಅದೇ ಜಿಲ್ಲೆಯ ಚಿನ್ನದ ಗಣಿಗಳಲ್ಲಿ ನಡೆದುದು ಇದಕ್ಕೆ ತದ್ವಿರುದ್ಧವಾದುದು. 1931ರ ಸೆಪ್ಟೆಂಬರ್ 21ರಂದು ಇಂಗ್ಲೆಂಡು ಚಿನ್ನದ ಪ್ರಮಾಣವನ್ನು ತ್ಯಜಿಸಿತು. ರೂಪಾಯಿಯು ಹದಿನೆಂಟು ಪೆನ್ಸಿಗೇ ಕಟ್ಟುಬಿದ್ದಿದ್ದುದರಿಂದ, ಪೌಂಡು ಇಳಿದಂತೆ ಅದೂ ಚಿನ್ನದೆದುರಿಗೆ ಇಳಿಯಿತು. 1927ರ ಶಾಸನದಲ್ಲಿ ತೊಲ ಒಂದಕ್ಕೆ 21 ರೂಪಾಯಿ 3 ಆಣೆ 10 ಪೈಯೆಂದು ಗೊತ್ತುಮಾಡಿದ್ದ ಚಿನ್ನದ ಬೆಲೆಯು ಕೆಲವು ದಿನಗಳಲ್ಲಿಯೇ ಏರತೊಡಗಿ, ಬೇಗನೆ ಮೂವತ್ತು ರೂಪಾಯಿಗಳನ್ನು ದಾಟಿತು. ಹೀಗೆ 1932ರ ರೂಪಾಯಿಯನ್ನು ಧಾನ್ಯದೆದುರಿಗೆ ತೂಗಿದರೆ ಅದು ಏರಿದ್ದಿತು, ಯೆನ್ನಿನೆದುರಿಗೆ ತೂಗಿದರೂ ಏರಿದ್ದಿತು, ಪೌಂಡಿನೆದುರಿಗೆ ನಿಂತಲ್ಲೇ ನಿಂತಿದ್ದಿತು, ಚಿನ್ನದೆದುರಿಗೆ ಇಳಿದಿದ್ದಿತು. ಬೇಡಿಕೆಯ ಚಿಂತೆಯಿಲ್ಲದ ಚಿನ್ನವನ್ನು ತೆಗೆಯುತ್ತಿದ್ದ ಕೋಲಾರದ ಗಣಿಗಳ ಕಂಪನಿಗಳಿಗೆ ಜಗತ್ತಿನ ಮುಗ್ಗಟ್ಟೇ ಲಾಭದ ಸುಗ್ಗಿಯಾಯಿತು.

ಚಿನ್ನದ ಬೆಲೆ ಏರಿದುದರ ಇನ್ನೊಂದು ಪರಿಣಾಮವು ಮನೆಮನೆಯ ಪೆಟ್ಟಿಗೆಯೊಳಗೆ ಕಾಣಿಸಿಕೊಂಡಿತು. ಬೆಳೆಗೆ ಬೆಲೆಯಿಲ್ಲದೆ ಕಂದಾಯಕ್ಕೂ ಬಡ್ಡಿಗೂ ದಾರಿಗಾಣದಿದ್ದ ಸಂಸಾರಗಳು, ಹಿಂದೆ ಇಪ್ಪತ್ತೊಂದು ರೂಪಾಯಿಗೆ ಹೋಗುತ್ತಿದ್ದ ತೊಲಕ್ಕೆ ಈಗ ಮೂವತ್ತು ಬರುತ್ತದೆಂದು ಕೇಳಿ, ಅಡ್ಡಿಕೆಯನ್ನೂ ಡಾಬನ್ನೂ ಸರಾಫನ ತಕ್ಕಡಿಗೆ ಹಾಕಿದವು. ಚಿಂತಾಮಣಿಯಂತಹ, ಚಿನ್ನಬೆಳ್ಳಿಯ ವ್ಯಾಪಾರಕ್ಕೆ ಹಿಂದಿನಿಂದಲೂ ಹೆಸರಾದ ಪೇಟೆಗಳು ಈ ದೇಶದಲ್ಲಿ ನೂರಾರು. ಇಂತಹ ಪೇಟೆಗಳ ಮೂಲಕ ಹಳ್ಳಿಯ ಚಿನ್ನವು ಮುಂಬಯಿಗೆ ಹರಿದು, ಅಲ್ಲಿಂದ ಲಂಡನ್ನಿಗೆ ಹಡಗೇರಿತು. 1931ರಿಂದ ಆ ದಶಕದ ಕೊನೆಯೊಳಗೆ ಹೀಗೆ ಹೊರಟುಹೋದ ಚಿನ್ನವು ಮುನ್ನೂರು ಕೋಟಿ ರೂಪಾಯಿಗಳ ಬೆಲೆಯನ್ನೂ ಮೀರಿದ್ದಿತು. ಈ ಚಿನ್ನದ ರಫ್ತಿನಿಂದಲೇ ರೂಪಾಯಿಯ ಹದಿನೆಂಟು ಪೆನ್ಸು ಉಳಿಯಿತು. ದೇಶಕ್ಕೆ ಪೌಂಡುಗಳು ಬಂದವು. ಎಂದರೆ, ದುಬಾರಿಯಾದ ರೂಪಾಯಿಯಿಂದ ಕಷ್ಟಕ್ಕೆ ಬಿದ್ದ ಸಂಸಾರಗಳು ಮಾರಿದ ಒಡವೆಯೇ ಆ ದುಬಾರಿ ರೂಪಾಯಿಯನ್ನು ಎತ್ತಿಹಿಡಿಯುವ ಆಧಾರವಾಯಿತು. ಈ ದೇಶದ ಹಣಕಾಸಿನ ಚರಿತ್ರೆಯಲ್ಲಿ ಇದಕ್ಕಿಂತ ಮನಸ್ಸನ್ನು ಕಲಕುವ ಅಧ್ಯಾಯವು ಇನ್ನೊಂದು ನನಗೆ ತೋರದು.

ನಾಣ್ಯವು ಏರುವುದು ಶುಭವೆಂದೂ ಇಳಿಯುವುದು ಅಪಮಾನವೆಂದೂ ಭಾವಿಸುವವರಿಗೆ ಚೀನದ ಮುಂದಿನ ಗತಿಯು ತಕ್ಕ ಉತ್ತರವನ್ನು ಕೊಡುತ್ತದೆ. 1934ರಲ್ಲಿ ಅಮೆರಿಕವು ತನ್ನ ಬೆಳ್ಳಿಗಣಿಯವರ ಹಿತಕ್ಕಾಗಿ ಬೆಳ್ಳಿಯನ್ನು ಅಪಾರವಾಗಿ ಕೊಳ್ಳಲು ಶಾಸನಮಾಡಿತು. ಬೆಳ್ಳಿಯ ಬೆಲೆ ಏರಿತು. ಚೀನದ ನಾಣ್ಯವೂ ಏರಿತು. ಪರಿಣಾಮವಾಗಿ ಚೀನದ ಬೆಳ್ಳಿಯೆಲ್ಲ ಹೊರಕ್ಕೆ ಹರಿದು, ಒಳಗೆ ಬೆಲೆಗಳು ಕುಸಿದು, ಬ್ಯಾಂಕುಗಳು ಮುಳುಗಿ, 1935ರ ನವೆಂಬರಿನಲ್ಲಿ ಆ ದೇಶವು ಬೆಳ್ಳಿಯ ನಾಣ್ಯಪದ್ಧತಿಯನ್ನೇ ಬಿಡಬೇಕಾಯಿತು. ಕೆಲವೇ ವರ್ಷಗಳ ಹಿಂದೆ ಇಳಿದ ನಾಣ್ಯದಿಂದ ಶಿಡ್ಲಘಟ್ಟವನ್ನು ನಡುಗಿಸಿದ ಚೀನದ ರೇಷ್ಮೆಯವನು, ಏರಿದ ನಾಣ್ಯದಿಂದ ತಾನೇ ನಡುಗಿದನು.

ಎರಡನೆಯ ಮಹಾಯುದ್ಧವು ಬಂದು, 1941ರಲ್ಲಿ ಜಪಾನಿನ ರೇಷ್ಮೆಯು ನಿಂತುಹೋಗಿ, ಪ್ಯಾರಾಚೂಟುಗಳಿಗಾಗಿ ಮೈಸೂರಿನ ನೂಲಿಗೆ ಬೇಡಿಕೆ ಹುಟ್ಟಿದಾಗ ಈ ಸೀಮೆಯಲ್ಲಿ ಚಂದ್ರಿಕೆಗಳು ಮತ್ತೆ ತುಂಬಿದವು. ಸ್ವಾತಂತ್ರ್ಯಾನಂತರ 1948ರ ಶಾಸನದಿಂದ ಕೇಂದ್ರ ರೇಷ್ಮೆ ಮಂಡಳಿಯು ಹುಟ್ಟಿತು. 1959ರ ರಾಜ್ಯಶಾಸನದಿಂದ ಗೂಡಿನ ವ್ಯಾಪಾರವು ಕ್ರಮೇಣ ಸರ್ಕಾರಿ ಮಾರುಕಟ್ಟೆಯ ಬಹಿರಂಗ ಹರಾಜಿಗೆ ಬಂದು, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯು ನಾಡಿನ ಅತಿದೊಡ್ಡ ಮಾರುಕಟ್ಟೆಗಳಲ್ಲಿ ಒಂದಾಯಿತು. ರೂಪಾಯಿಯ ಹೊರಬೆಲೆಯನ್ನು ನಿಶ್ಚಯಿಸುವ ಅಧಿಕಾರವೂ ಈಗ ನಮ್ಮದೇ ಆಯಿತು. 1949ರ ಸೆಪ್ಟೆಂಬರಿನಲ್ಲಿ ಪೌಂಡಿನೊಡನೆ ರೂಪಾಯಿಯನ್ನೂ ಡಾಲರಿನೆದುರಿಗೆ ಶೇಕಡಾ ಮೂವತ್ತರಷ್ಟು ಇಳಿಸಲಾಯಿತು. ಯುದ್ಧವೂ ಬರಗಾಲವೂ ಒಟ್ಟಿಗೆ ಬಂದೆರಗಿದ ಮೇಲೆ 1966ರ ಜೂನ್ 6ರಂದು ಡಾಲರಿಗೆ 4.76 ಇದ್ದ ರೂಪಾಯಿಯನ್ನು 7.50ಕ್ಕೆ ತರಲಾಯಿತು. 1991ರಲ್ಲಿ ವಿದೇಶೀ ವಿನಿಮಯದ ಉಳಿಕೆಯು ಬರಿದಾಗುತ್ತ ಬಂದು, ಜುಲೈ 1 ಮತ್ತು 3ರಂದು ಎರಡು ಸಲ ಅಪಮೌಲ್ಯವನ್ನು ಮಾಡಿ, ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ನು ಚಿನ್ನವನ್ನು ವಿದೇಶದಲ್ಲಿ ಒತ್ತೆಯಿಡಬೇಕಾಯಿತು. 1931ರಲ್ಲಿ ಮನೆಯ ಚಿನ್ನವು ಹಡಗೇರಿದಂತೆ 1991ರಲ್ಲಿ ರಾಷ್ಟ್ರದ ಚಿನ್ನವು ವಿಮಾನವೇರಿತು.

2008ರ ಮುಗ್ಗಟ್ಟಾದರೋ ಇನ್ನೊಂದು ತತ್ತ್ವವನ್ನು ಬೆಳಕಿಗೆ ತಂದಿತು. ಬೆಂಕಿ ಹೊತ್ತಿದುದು ಅಮೆರಿಕದಲ್ಲಿ. ಬಿದ್ದದ್ದು ನಮ್ಮ ರೂಪಾಯಿ. ವರ್ಷದ ಆರಂಭದಲ್ಲಿ ಡಾಲರಿಗೆ ನಲವತ್ತರ ಒಳಗಿದ್ದ ರೂಪಾಯಿಯು ವರ್ಷ ಕಳೆಯುವುದರೊಳಗೆ ಐವತ್ತರ ಸಮೀಪಕ್ಕೆ ಬಂದಿತು. ಜಗತ್ತಿನ ಸಾಲಗಳೂ ವ್ಯಾಪಾರವೂ ಬಹುಮಟ್ಟಿಗೆ ಡಾಲರಿನಲ್ಲಿಯೇ ನಡೆಯುವುದರಿಂದ, ಭಯವು ಹಬ್ಬಿದಾಗ ಎಲ್ಲರೂ ಸಾಲ ತೀರಿಸಲು ಡಾಲರನ್ನೇ ಹುಡುಕುತ್ತಾರೆ. ಹಣವುಳ್ಳವರು ದೂರದೇಶಗಳ ಹೂಡಿಕೆಯನ್ನು ಮಾರಿ, ಆಪತ್ತಿಗೆ ಆಗುವುದೆಂದು ನಂಬಿದ ನಾಣ್ಯದಲ್ಲಿ ಆಶ್ರಯ ಪಡೆಯುತ್ತಾರೆ. ಜಪಾನಿನ ಯೆನ್ನೂ ಆ ವರ್ಷ ಇದೇ ಕಾರಣದಿಂದ ಏರಿತು. ಹೊರದೇಶಗಳಿಗೆ ಸಾಲ ಕೊಟ್ಟ ದೇಶದ ಹಣವು ಭಯದ ಕಾಲದಲ್ಲಿ ಮನೆಗೆ ಮರಳುತ್ತದೆ. ಮುಗ್ಗಟ್ಟಿನಲ್ಲಿ ನಾಣ್ಯವು ಏರುವುದು ಆ ದೇಶದ ಆರೋಗ್ಯದ ಲಕ್ಷಣವೇ ಆಗಬೇಕೆಂದಿಲ್ಲ. ಬೇರೆಯವರ ಭಯದ ಲಕ್ಷಣವೂ ಆಗಿರಬಹುದು.

ಇಷ್ಟೆಲ್ಲ ನಡೆದ ಮೇಲೂ ಹಳೆಯ ಪಾಠವು ಪೂರ್ಣವಾಗಿ ಮನಸ್ಸಿಗೆ ನಾಟಿದಂತೆ ಕಾಣುವುದಿಲ್ಲ. 2011ರ ಕೇಂದ್ರ ಮುಂಗಡಪತ್ರದಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಒಮ್ಮೆಲೇ ಇಳಿಸಿದಾಗ ಚೀನದ ನೂಲು ಅಗ್ಗವಾಗಿ, ಗೂಡಿನ ಬೆಲೆಯು ಕುಸಿದು, ರೈತರು ಬೀದಿಗಿಳಿದರು. 2013ರಲ್ಲಿ ಅದನ್ನು ಶೇಕಡಾ 15ಕ್ಕೆ ಏರಿಸಲಾಯಿತು. ಅದೇ 2013ರ ಆಗಸ್ಟಿನಲ್ಲಿ ರೂಪಾಯಿಯು ಡಾಲರಿಗೆ 68ನ್ನು ದಾಟಿ ಕುಸಿದಾಗ ಪತ್ರಿಕೆಗಳೆಲ್ಲ ಅದನ್ನು ವಿಪತ್ತೆಂದು ವರ್ಣಿಸಿದವು. ಪೆಟ್ರೋಲು, ಗೊಬ್ಬರಗಳ ಬೆಲೆಯನ್ನು ನೆನೆದರೆ ಆ ಮಾತು ನಿಜ. ಆದರೆ ಚೀನದ ನೂಲನ್ನು ರೂಪಾಯಿಯ ಲೆಕ್ಕದಲ್ಲಿ ತುಟ್ಟಿಯಾಗಿಸಿದ ಆ ಕುಸಿತವು ಶಿಡ್ಲಘಟ್ಟದ ಗೂಡಿಗೆ ಸುಂಕದಷ್ಟೇ ರಕ್ಷಣೆಯೂ ಆಗಿದ್ದಿತು. ನೇಕಾರನಿಗೂ ರೈತನಿಗೂ, ರೈತನೊಳಗೇ ಗೊಬ್ಬರ ಕೊಳ್ಳುವವನಿಗೂ ಗೂಡು ಮಾರುವವನಿಗೂ, ನಾಣ್ಯದ ಒಂದೇ ಚಲನೆಯು ಭಿನ್ನಭಿನ್ನವಾದ ಫಲವನ್ನು ಕೊಡುತ್ತದೆ.

ನಾಣ್ಯವು ಏರದೆ ಇಳಿಯದೆ ಸ್ಥಿರವಾಗಿರಬೇಕೆಂದು ಬಯಸುವುದು ಸಹಜ. ಆದರೆ 1927ರಿಂದ 1933ರವರೆಗಿನ ಅನುಭವವು ತೋರಿಸಿಕೊಟ್ಟಂತೆ, ನಾಣ್ಯವನ್ನು ಬಲವಂತದಿಂದ ನಿಲ್ಲಿಸಿದರೆ ಏರಿಳಿತವು ನಿಲ್ಲುವುದಿಲ್ಲ. ಅದು ನಾಣ್ಯದಿಂದ ಬಿಟ್ಟು ಬೆಳೆಯ ಬೆಲೆಗೂ ಕೂಲಿಗೂ ಸಾಲಕ್ಕೂ ವರ್ಗವಾಗುತ್ತದೆ. ಕುಸಿತವು ಎಲ್ಲಿಯಾದರೂ ಆಗಲೇಬೇಕಾಗಿದ್ದ ಪಕ್ಷದಲ್ಲಿ ಅದು ಎಲ್ಲರಿಗೂ ಸೇರಿದ ನಾಣ್ಯದಲ್ಲಿ ಆಗುವುದು, ಕಾಯಲಾರದ ಕೆಲವರ ಬೆಳೆಯ ಮೇಲೆ ಆಗುವುದಕ್ಕಿಂತ ನ್ಯಾಯವಾದುದು. ಅದು ಸಾಧ್ಯವಾಗದಿದ್ದಲ್ಲಿ, ರೂಪಾಯಿಯು ಬಿಗಿಯಾಗಿರುವುದರಿಂದ ಲಾಭಪಡೆಯುವ ಸಮಾಜವು, ಅದರ ಬೆಲೆಯನ್ನು ತೆರುವವರಿಗೆ ಕಾಲಕ್ಕೆ ಸರಿಯಾಗಿ ಸುಂಕದ ರಕ್ಷಣೆಯನ್ನೂ, ಗೂಡಿಗೆ ಬೆಂಬಲದ ಬೆಲೆಯನ್ನೂ, ಸಾಲಕ್ಕೆ ಬಿಡುವನ್ನೂ ಕೊಟ್ಟು ಆ ಋಣವನ್ನು ತೀರಿಸತಕ್ಕದ್ದು. ಅಂದು ಮೈಸೂರಿಗೆ ನಾಣ್ಯವೂ ಬಂದರೂ ಇಲ್ಲದಿದ್ದುದರಿಂದ ಅದಕ್ಕೆ ಕೈಕಟ್ಟಿದಂತಾಗಿದ್ದಿತು. ಇಂದು ಎರಡೂ ನಮ್ಮ ಕೈಯಲ್ಲಿಯೇ ಇರುವುದರಿಂದ, ಗೂಡಿನ ರೈತನನ್ನು ಮರೆತರೆ ಆ ಹೊಣೆಯನ್ನು ಹೊರಿಸಲು ನಮಗೆ ಪರರು ಯಾರೂ ಇಲ್ಲ.